ಅಪೂರ್ಣಾಂಕದ ಹೋಳಿಗೆ

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಲೋಕದಲ್ಲಿ ನಾನು ಕಲಿಯುವುದೇನೂ ಉಳಿದಿರಲಿಲ್ಲ. ಕಲಿಸುವುದಷ್ಟೇ ಬಾಕಿಯಿತ್ತು. ಆಗಿನ್ನೂ ಜಮಖಂಡಿಯಲ್ಲಿ ಸಂಸ್ಥಾನದ ಆಳ್ವಿಕೆ. ನಮ್ಮ ಓಣಿಯ ಅರಿವೆ ವ್ಯಾಪಾರಿ ನೇಮಣ್ಣನವರು ನನ್ನನ್ನು ಕರೆಸಿ, ಕಿರಿಯ ಮಗಳು ಪದ್ಮಾಗೆ ಮನೆಯಲ್ಲೇ ಲೆಕ್ಕದ ಶಿಕವಣಿ ಹೇಳಬೇಕೆಂದರು.

"ಈ ಸಲ ಲೆಕ್ಕದಾಗ ನಪಾಸಾದ್ಲಂದ್ರ ನಮ್ಮವ್ವ ಇಕಿನ್ನ ಸಾಲಿ ಬಿಡಸ್ತಾಳ್ರಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಪದ್ಮಾಳ ಕಣ್ಣು ತುಂಬಿತು.

"ಚಿಂತಿ ಬಿಡ್ರಿ. ಒಬ್ಬೊಬ್ಬರ ಬುದ್ಧಿಗೆ ಒಂದೊಂದು ದಾರಿ ಇರತೈತಿ. ಅದನ್ನ ಹುಡುಕೂದ ನನ್ನ ಕೆಲಸ," ಎಂದೆ. ಈ ಮಾತು ನನಗೇ ಬಹಳ ಹಿಡಿಸಿತು.

ಪದ್ಮಾಳ ತೊಡಕು ಅಪೂರ್ಣಾಂಕದ್ದು. ಕಾಲು ಪಾಲು ದೊಡ್ಡದೋ, ಎಂಟರಲ್ಲಿ ಒಂದು ಪಾಲು ದೊಡ್ಡದೋ ಎಂದು ಕೇಳಿದರೆ, ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ ಎನ್ನುತ್ತಿದ್ದಳು. ಎಂಟು ದಿನ ಪಾಟಿಯ ಮೇಲೆ ಬರೆದು ತೋರಿಸಿದೆ. ಪಾಟಿ ಸವೆಯಿತು. ತನಗೆ ಬುದ್ಧಿಯೇ ಇಲ್ಲವೆಂದು ಹುಡುಗಿ ನಂಬತೊಡಗಿದಳು. ಅದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು.

ಒಂಬತ್ತನೆಯ ದಿನ ಸಂಜೆ ಆ ಮನೆಗೆ ಅಳಿಯ, ಪದ್ಮಾಳ ಮಾಮಾ, ಬಂದಿದ್ದ. ಅಡಿಗೆಮನೆಯಿಂದ ಹೋಳಿಗೆಯ ವಾಸನೆ ಬಂತು. ನನಗೆ ದಾರಿ ಹೊಳೆಯಿತು! ಹೋಳಿಗೆಯ ಬುಟ್ಟಿಯನ್ನೇ ಪಡಸಾಲೆಗೆ ತರಿಸಿದೆ. ಒಂದನ್ನು ನಾಲ್ಕು ಹೋಳು ಮಾಡಿದೆ, ಇನ್ನೊಂದನ್ನು ಎಂಟು. ಕಳೆಯುವ ಲೆಕ್ಕ ಬಂದಾಗ ಕಳೆದದ್ದನ್ನು ನಾನೇ ತಿಂದೆ. ಉದಾಹರಣೆ ಸಾಲದೆ ಮತ್ತೆರಡು ಮುರಿದೆ.

ನೇಮಣ್ಣನವರು ಜೈನರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಒಂದು ತುತ್ತನ್ನೂ ಬಾಯಿಗೆ ಹಾಕುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ನೆನಪಾಗುವುದು ಬೇರೆ. ಪಾಠ ಹೇಳುವ ಮಾಸ್ತರನನ್ನು ನಡುವೆ ಎಬ್ಬಿಸಬಾರದು, ಅವನನ್ನು ಕೂಡಿಸಿಟ್ಟು ತಾವು ಉಣ್ಣಲೂಬಾರದು ಎಂಬ ಮರ್ಯಾದೆಯೂ ಅವರಿಗಿತ್ತು.

"ಮಾಸ್ತರ, ಹೊತ್ತ ಇಳೀತ್ರಿ," ಎಂದರು ನೇಮಣ್ಣನವರು.

"ನನ್ನ ಕಾಳಜಿ ಮಾಡಬ್ಯಾಡ್ರಿ. ನಮ್ಮ ಮನಿ ಇಲ್ಲೇ ಐತಿ."

ಅಳಿಯ ಕೆಮ್ಮಿದ. ಹಸಿ ಶುಂಠಿ ತಿನ್ನಲು ಅವನಿಗೆ ಸಲಹೆ ಕೊಟ್ಟೆ. ಜೈನರು ನೆಲದೊಳಗೆ ಬೆಳೆದದ್ದನ್ನು ತಿನ್ನುವುದಿಲ್ಲ. ಅದೂ ನನಗೆ ಗೊತ್ತಿತ್ತು.

ಅಜ್ಜಿ ಬಂದು ಕಿಟಕಿಯನ್ನು ಪೂರ್ತಿ ತೆರೆದು, ಮುಳುಗುವ ಹೊತ್ತನ್ನೂ ನನ್ನನ್ನೂ ಸರದಿಯಂತೆ ನೋಡಿದರು. ಪಾಠಕ್ಕೆ ಬೆಳಕು ಮಾಡಿಕೊಟ್ಟರೆಂದು ಕೈಮುಗಿದೆ.

ಬೆಳಕು ಹೋಯಿತು.

"ಅಡಿಗಿ ಮುಚ್ಚಿಡ್ರಿ. ಇನ್ನ ಊಟ ನಾಳೆ ಮುಂಜಾನಿ," ಎಂದರು ಅಜ್ಜಿ. ಅಳಿಯನೂ ಸೇರಿ ಮನೆಯ ಏಳು ಮಂದಿಯೂ ಸಾಲಾಗಿ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ಹೋಳಿಗೆ ಇತ್ತು. ಉಗುಳುವುದೂ ಅಪಚಾರ, ನುಂಗುವುದೂ ಅಪಚಾರ. ನುಂಗಿದೆ.

ಆಗ ಪದ್ಮಾ ಬೆರಳು ಮಡಚಿದಳು.

"ಮಾಸ್ತರ, ನಿಮ್ಮನ್ನ ಹಿಡದು ಎಂಟ ಮಂದಿ. ಉಂಡವರು ಎಂಟರಾಗ ಒಂದ ಪಾಲು. ಮಾಮಾನೂ ಉಂಡಿದ್ರ ಎಂಟರಾಗ ಎರಡು, ಅಂದ್ರ ಕಾಲು ಪಾಲು ಆಗತಿತ್ತು. ಹಂಗಾರ ಕಾಲು ಪಾಲ ದೊಡ್ಡದು. ಉಪಾಸ ಇರೂದು ಎಂಟರಾಗ ಏಳು."

ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ.

"ಖರೆ ಐತೇನು?" ಅಜ್ಜಿ ನನ್ನನ್ನು ಕೇಳಿದರು.

"ಪೂರಾ ಖರೆ ಐತ್ರಿ, ಆಯಿ." ನನಗೆ ಬಿಕ್ಕಳಿಕೆ ಬಂತು. ಸ್ವಲ್ಪ ಸಂತೋಷಕ್ಕೆ, ಸ್ವಲ್ಪ ಹೋಳಿಗೆಗೆ.

ಅಜ್ಜಿ ಮಗನ ಕಡೆ ತಿರುಗಿದರು. "ನೇಮಣ್ಣಾ, ಕೂಸಿಗೆ ಲೆಕ್ಕ ಬರತೈತಿ. ಸಾಲಿ ಬಿಡಸೂದು ಬ್ಯಾಡ. ಮಾಸ್ತರನ್ನ ಬಿಡಸು."

ನಾನು ಪೂರ್ತಿ ಯಶಸ್ವಿಯಾಗಿ ಮುಗಿಸಿದ ಶಿಕವಣಿ ಅದೊಂದೇ.