ನಮ್ಮಪ್ಪ ವಿಶ್ವವಿಖ್ಯಾತರಾದದ್ದು

ರೀಡರ್ ಹುದ್ದೆಗೆ ಬಡ್ತಿ ನನಗೇ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹುಲಿಕಟ್ಟೆ ಮರಿಯಪ್ಪ ಪ್ರಕಾಶ ಎಂಬ ನಾನು ಕಾಲೇಜೊಂದರಲ್ಲಿ ಆರೋಗ್ಯ ಮನೋವಿಜ್ಞಾನದ ಮೇಷ್ಟ್ರು. ಬಿ.ಪಿ. ಇರುವವರು ಕೊಂಚ ಹುಷಾರಾದ ಕೂಡಲೇ ಮಾತ್ರೆ ನುಂಗುವುದನ್ನು ಯಾಕೆ ಬಿಡುತ್ತಾರೆ ಎಂಬುದೇ ನನ್ನ ಸಂಶೋಧನೆ. ಪ್ರಬಂಧಗಳು ವಿದೇಶದ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಅವನ್ನು ಬೇರೆ ಪಂಡಿತರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಆಯ್ಕೆ ಸಮಿತಿಗೆ ತೋರಿಸಿದರಾಯಿತು. ಅದೇನು ಮಹಾ!

ವಿಜಯನಗರದ ಸೈಬರ್ ಕೆಫೆಯಲ್ಲಿ ಕೂತು, ಎದೆಯುಬ್ಬಿಸಿ 'ಪ್ರಕಾಶ' ಎಂದು ಹುಡುಕಿದೆ. ಜಗತ್ತಿನಲ್ಲಿ ಬೇಕಾದಷ್ಟು ಪ್ರಕಾಶರಿದ್ದರು. ನಾನಿರಲಿಲ್ಲ!

ಆಮೇಲೆ ಹೊಳೆಯಿತು. ಮೊದಲ ಪ್ರಬಂಧ ಕಳಿಸಿದಾಗ ಪತ್ರಿಕೆಯವರು ಮನೆತನದ ಹೆಸರು ಕೇಳಿದ್ದರು. ನಮಗೆಲ್ಲಿಯ ಮನೆತನದ ಹೆಸರು? ಇರುವುದು ಇನಿಷಿಯಲ್ಲು. ಪಿತೃಭಕ್ತಿಯಿಂದ ಅಪ್ಪನ ಹೆಸರು ಕೊಟ್ಟೆ. ಎರಡನೆಯದಕ್ಕೆ ಊರಭಿಮಾನ ಉಕ್ಕಿ ಊರಿನ ಹೆಸರು ಕೊಟ್ಟೆ. ಮೂರನೆಯದು ಮಾತ್ರ ನನ್ನ ಹೆಸರಿನಲ್ಲಿತ್ತು. ಈಗ ನೋಡಿದರೆ ಅಮೆರಿಕದಿಂದ ಆಸ್ಟ್ರೇಲಿಯದವರೆಗೂ "ಮರಿಯಪ್ಪನವರು ತೋರಿಸಿಕೊಟ್ಟಿರುವಂತೆ..." ಹುಲಿಕಟ್ಟೆಗೂ ಅಷ್ಟಿಷ್ಟು ಗೌರವ. ಪ್ರಕಾಶನನ್ನು ಕೇಳುವವರಿಲ್ಲ.

ಆ ಹೊತ್ತಿಗೆ ಸದರಿ ಮರಿಯಪ್ಪನವರು, ಅಂದರೆ ನಿವೃತ್ತ ಪೋಸ್ಟ್‌ಮಾಸ್ಟರರಾದ ನಮ್ಮಪ್ಪ, ಬಸವೇಶ್ವರನಗರದ ಮನೆಯ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಅವರಿಗೂ ಬಿ.ಪಿ. ಇದೆ. ಮಾತ್ರೆ ನುಂಗಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

"ರೀ, ಒಂದು ಅಫಿಡವಿಟ್ ಮಾಡ್ಸಿ" ಅಂದಳು ನನ್ನ ಹೆಂಡತಿ ಲಲಿತಾ. "ನಮ್ಮಕ್ಕನ ಮಾರ್ಕ್ಸ್ ಕಾರ್ಡಲ್ಲಿ ಹೆಸರು ತಪ್ಪಾದಾಗ ಅದೇ ತಾನೇ ಮಾಡಿದ್ದು?"

ರಾಜಾಜಿನಗರದ ನೋಟರಿಯೊಬ್ಬರು ಛಾಪಾ ಕಾಗದದ ಮೇಲೆ ಬರೆಸಿಕೊಟ್ಟರು: ಮರಿಯಪ್ಪ, ಹುಲಿಕಟ್ಟೆ ಮತ್ತು ಪ್ರಕಾಶ ಎಂಬುವರು ಬೇರೆ ಬೇರೆಯಾಗಿರದೆ ಒಬ್ಬನೇ ವ್ಯಕ್ತಿಯಾಗಿರುತ್ತಾರೆ ಎಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ. ನಾನು ಸಹಿ ಹಾಕಿದೆ. ಓದಿಯೇ ಹಾಕಿದೆ!

ಸಂದರ್ಶನದ ದಿನ ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಆಟೋ ಹತ್ತಿದರು. "ಫಾರಿನ್ನೋರು ನನ್ ಹೆಸರು ಬರೀತಾವ್ರಂತೆ, ನಾನೇ ಹೋಗ್ದೆ ಇದ್ರೆ ಹೆಂಗೆ?"

ಒಳಗೆ ಸಮಿತಿಯ ಅಧ್ಯಕ್ಷರು ಅಫಿಡವಿಟ್ಟನ್ನೂ ನನ್ನ ಅರ್ಜಿಯನ್ನೂ ಅಕ್ಕಪಕ್ಕ ಇಟ್ಟುಕೊಂಡರು.

"ಮರಿಯಪ್ಪ ಅಂದ್ರೆ ನಿಮ್ಮ ತಂದೆ ಅಂತಿದೆಯಲ್ರೀ?"

"ಹೌದು ಸಾರ್."

"ನೀವೂ ಅವರೂ ಒಬ್ಬರೇನಾ?"

"ಪ್ರಬಂಧದ ಮಟ್ಟಿಗೆ ಸಾರ್."

"ಏನ್ ಮಾಡ್ಕೊಂಡಿದಾರೆ ಅವರು?"

"ರಿಟೈರ್ ಆಗಿದಾರೆ ಸಾರ್."

"ಹಾಗಾದ್ರೆ ನೀವೂ ರಿಟೈರ್ ಆದ ಹಾಗಾಯ್ತಲ್ರೀ! ಬಡ್ತಿ ಯಾಕೆ?"

ಎಲ್ಲರೂ ನಕ್ಕರು. ಮರ್ಯಾದೆಗೆಂದು ನಾನೂ ನಕ್ಕೆ. ಅಧ್ಯಕ್ಷರ ಪಕ್ಕದಲ್ಲಿದ್ದ ಮೇಡಂ ಮಾತ್ರ ನಗಲಿಲ್ಲ. "ಪ್ರಕಾಶ್ ಅವರ ಪ್ರಬಂಧದಲ್ಲಿ ಇರೋದೆಲ್ಲ ಮರಿಯಪ್ಪನವರ ವಾದಾನೇ. ಇದು ನಕಲು ಅಲ್ವಾ?"

"ಅಯ್ಯೋ, ಎರಡೂ ನಂದೇ ಮೇಡಂ! ಬೇಕಾದ್ರೆ ಅವರನ್ನೇ ಕೇಳಿ, ಹೊರಗೇ ಕೂತಿದಾರೆ" ಅಂದುಬಿಟ್ಟೆ.

ಕೇಳಿದರು. ಅಪ್ಪನನ್ನು ಒಳಗೆ ಕರೆಸಿ, ಕುರ್ಚಿ ಹಾಕಿ, ಕಾಫಿ ತರಿಸಿ, "ಮಾತ್ರೆ ಬಗ್ಗೆ ತಮ್ಮ ಅಭಿಪ್ರಾಯ ಏನು ಯಜಮಾನ್ರೇ?" ಎಂದು ವಿನಯದಿಂದಲೇ ಕೇಳಿದರು.

"ಮಾತ್ರೆನಾ? ಹುಷಾರಾದ್ ಮೇಲೆ ಯಾಕೆ ಸಾರ್ ಅದು? ನಾನ್ ದಿನಾ ಕ್ರೋಟನ್ ಕುಂಡಕ್ಕೆ ಹಾಕ್ತೀನಿ. ಗಿಡ ಹೆಂಗ್ ಬಂದೈತೆ ಅಂತೀರಾ!"

ಆ ಗಿಡಕ್ಕೆ ನಾನೇ ಗೊಬ್ಬರ ಹಾಕಿ, ನನ್ನ ಆರೈಕೆಯ ಫಲ ಎಂದು ಬೀಗುತ್ತಿದ್ದೆ.

ರೀಡರ್ ಹುದ್ದೆ ಬೇರೆಯವರ ಪಾಲಾಯಿತು. ಅಧ್ಯಕ್ಷರು ಅಪ್ಪನನ್ನು ಬಾಗಿಲ ತನಕ ಬಂದು ಕಳಿಸಿಕೊಟ್ಟರು. ನನಗೆ ಬಾಗಿಲು ತೋರಿಸಿದರು.

ಮನೆಗೆ ಬಂದ ಅಪ್ಪ ಪಂಚೆ ಬದಲಿಸಿ ವರಾಂಡದಲ್ಲಿ ಕೂತರು. ಆಮೇಲೆ ಲಲಿತಾಳನ್ನು ಕರೆದು ಮಾತ್ರೆ, ನೀರು ಕೇಳಿದರು.

"ಇದೇನ್ ಮಾವ, ಇದ್ದಕ್ಕಿದ್ದಂಗೆ?"

"ನನ್ ಮಾತು ಕೇಳಿ ಫಾರಿನ್ನೋರೆಲ್ಲ ನುಂಗ್ತಾವ್ರಂತೆ. ನಾನೇ ನುಂಗ್ದೆ ಇದ್ರೆ ಏನಮ್ಮಾ ಚೆಂದ?"

ಅಂದಿನಿಂದ ತಪ್ಪಿಸಿಲ್ಲ. ಕ್ರೋಟನ್ ಸೊರಗಿದೆ. ನನಗೆ ಬಿ.ಪಿ. ಶುರುವಾಗಿದೆ.

ಮೊನ್ನೆ ಊಟದ ಮೇಲೆ ಅಪ್ಪ ಕೇಳಿದರು, "ಮಾತ್ರೆ ತಗೊಂಡ್ಯೇನೋ?"

"ಇವತ್ತು ಆರಾಮಾಗಿದೀನಿ, ಬಿಡಪ್ಪಾ."

ಕನ್ನಡಕದ ಮೇಲಿಂದ ನೋಡಿದರು. "ಮರಿಯಪ್ಪ ಏನ್ ಬರ್ದವ್ನೆ, ಓದಿಲ್ವೇನೋ?"

ಮಾತ್ರೆಗೆ ಬಾಯಿ ತೆರೆದೆ.