ಭಾವ ಕಟ್ಟಿದ ಫ್ಲಾಪಿ ಬುತ್ತಿ

ನಮ್ಮ ಭಾವನಂಥ ಬುದ್ಧಿವಂತ ದಡ್ಡ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲ. ಸುಮ್ಮನೆ ಹೇಳುತ್ತಿಲ್ಲ, ಆ ನಾಲ್ಕೂ ಕಡೆ ಅವರ ಜೊತೆ ಹೋಗಿ ಮರ್ಯಾದೆ ಕಳೆದುಕೊಂಡು ಬಂದವನು ನಾನು!

ತೊಂಬತ್ತರ ದಶಕದ ನಡುವಿನ ಮಾತು. ನಾವಿಬ್ಬರೂ ಕೆ.ಆರ್.ಪೇಟೆಯ ಒಂದೇ ಹೈಸ್ಕೂಲಿನಲ್ಲಿ ಮೇಷ್ಟ್ರು. ನಾನು ಕನ್ನಡ, ಅವರು ಗಣಿತ. ಭಾವ ದಿನಾ ಪಾಂಡವಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಲ್ಲಿಂದಲೋ ಒಂದು ಹಳೇ ಕಂಪ್ಯೂಟರು ತಂದು, ನಮ್ಮಕ್ಕನ ಹೊಲಿಗೆ ಮಿಷನ್ನನ್ನು ಹಜಾರಕ್ಕೆ ತಳ್ಳಿ, ಆ ಜಾಗದಲ್ಲಿ ಪ್ರತಿಷ್ಠಾಪಿಸಿದ್ದರು. ಶಾಲೆಗೆ ಟೈಮ್ ಟೇಬಲ್ ಹಾಕಿಕೊಡುವ ಪ್ರೋಗ್ರಾಮು ಬರೆಯಬೇಕೆಂಬುದು ಅವರ ಹಟ. ಹೆಡ್‌ಮಾಸ್ಟರು ರೂಲುಕಡ್ಡಿ ಹಿಡಿದು ಅರ್ಧ ದಿನದಲ್ಲಿ ಮುಗಿಸುವ ಕೆಲಸಕ್ಕೆ ಇವರು ಎಂಟು ತಿಂಗಳು ತಿಣುಕಿದರು. ವಿಜ್ಞಾನ ಅಂದರೆ ಇದೇ ಇರಬೇಕು!

ಆಗ ನಾಲ್ಕೂ ಊರಿನ ಒಂದೊಂದು ಶಾಲೆಗೆ ಯಾರೋ ದಾನಿಗಳು ಕೊಟ್ಟ ಕಂಪ್ಯೂಟರು ಬಂದಿತ್ತು. ನಾಲ್ಕೂ ನಾಲ್ಕು ತರ. ಭಾವ ಫ್ಲಾಪಿ ಜೇಬಿಗೆ ಹಾಕಿಕೊಂಡು, ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೊರಟರು. ನಾಗಮಂಗಲದಲ್ಲಿ ಪ್ರೋಗ್ರಾಮು ಶುರುವೇ ಆಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಶುರುವಾಯಿತು, ಆದರೆ ಕನ್ನಡ ಅಕ್ಷರವಿರಬೇಕಾದ ಕಡೆ ಬರೀ ಇರುವೆ ಸಾಲು! ಅಲ್ಲಿನ ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು ನೋಡಿದರು.

"ಇದ್ಯಾವ ಭಾಷೆ ಮೇಷ್ಟ್ರೇ?"

"ನಮ್ಮನೇಲಿ ಸರ್‍ಯಾಗೇ ಬತ್ತದೆ ಸಾರ್!"

"ಅಂಗಾದ್ರೆ ಸ್ಕೂಲ್ನೂ ನಿಮ್ಮನೇಲೇ ನಡ್ಸನ ಬುಡಿ!"

ಉಳಿದೆರಡು ಕಡೆಯೂ ಇದೇ ಪಾಡು. ಮುಂದಿನ ವಾರ ಭಾವ ಆ ಹೆಡ್‌ಮಾಸ್ಟರಿಗೆ ತೋರಿಸಲೆಂದು ಮನೆಯ ಕಂಪ್ಯೂಟರನ್ನೇ ದುಪ್ಪಟಿಯಲ್ಲಿ ಸುತ್ತಿ ಬಸ್ಸು ಹತ್ತಿಸಿದರು. ಕಂಡಕ್ಟರು ದುಪ್ಪಟಿ ಎತ್ತಿ ನೋಡಿ, "ಇದುಕ್ಕೆ ಫುಲ್ಲಾ, ಆಫಾ?" ಅಂದ. ನಾನು ಅವರ ಪರಿಚಯವೇ ಇಲ್ಲದವನಂತೆ ಕಿಟಕಿಯ ಕಡೆ ತಿರುಗಿ ಕೂತೆ.

ಅದೇ ಬಸ್ಸಿನಲ್ಲಿ ಅವರಿಗೆ ಜ್ಞಾನೋದಯವಾಯಿತು. ಪಕ್ಕದ ಹೆಂಗಸು ಬುತ್ತಿ ಬಿಚ್ಚಿದ್ದಳು. ಅನ್ನ, ಸಾರು, ಉಪ್ಪಿನಕಾಯಿ, ಕಾಗದದ ಪೊಟ್ಟಣದಲ್ಲಿ ಚಿಟಿಕೆ ಉಪ್ಪು.

"ನೋಡ್ಲಾ, ಪ್ರೋಗ್ರಾಮ್ ಒಂದ್ನೇ ಕಳ್ಸುದ್ರೆ ಆಗಾಕಿಲ್ಲ. ಅದುಕ್ಕೆ ಬೇಕಾದ್ದೆಲ್ಲ ಜೊತೇಲೇ ಕಟ್ಬೇಕು. ಓದ ಮನೇಲಿ ಉಪ್ಪೂ ಕೇಳ್ಬಾರ್ದು!"

ಅಲ್ಲಿಂದಾಚೆಗೆ ಬುತ್ತಿಯದೇ ಜಪ. ಕಂಪ್ಯೂಟರನ್ನು ಎಬ್ಬಿಸುವ ಸಾಮಗ್ರಿ, ಕನ್ನಡ ಅಕ್ಷರ, ಪ್ರಿಂಟರಿಗೆ ಹೇಳಬೇಕಾದ್ದು, ಪ್ರೋಗ್ರಾಮು ಎಲ್ಲವನ್ನೂ ಫ್ಲಾಪಿಯೊಳಗೇ ತುಂಬಿದರು. ಏನು ತಿದ್ದಿದರೂ ಹೊಸ ಬುತ್ತಿ ಕಟ್ಟಿ ಅದರಲ್ಲೇ ಪರೀಕ್ಷೆ; ಕೆಟ್ಟರೆ ಅದೊಂದೇ ಕೆಟ್ಟಿತು, ಹಳೆಯದಕ್ಕೆ ಧಕ್ಕೆಯಿಲ್ಲ. ಪರೀಕ್ಷೆಗೆಂದೇ, ಎಲ್ಲೂ ಇಲ್ಲದ ಶಾಲೆಯೊಂದನ್ನು ಸೃಷ್ಟಿಸಿ, ಒಂದೇ ಪಿರಿಯಡ್ಡಿನಲ್ಲಿ ನನ್ನನ್ನು ಮೂರು ಕ್ಲಾಸಿಗೆ ಹಾಕಿದರು. ತಪ್ಪೆಂದು ಪ್ರೋಗ್ರಾಮು ಹೇಳಬೇಕಿತ್ತು, ಹೇಳಲಿಲ್ಲ.

"ನೀನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ಅದುಕ್ಕೂ ಗೊತ್ತು ಕಣ್ಲಾ!"

ಅಕ್ಕ ಒಳಗಿಂದಲೇ ಗೊಣಗಿದಳು: "ಪ್ಲಾಪಿಗೆ ಬುತ್ತಿ ಕಟ್ತಾರೆ, ತಮ್ ಬುತ್ತಿ ಮಾತ್ರ ದಿನಾ ಮರ್ತೋಯ್ತಾರೆ."

ಹೊಟ್ಟೆಯುರಿಯ ಸಂಗತಿಯೆಂದರೆ, ಆ ತಪ್ಪು ತಿದ್ದಿ ಕಟ್ಟಿದ ಬುತ್ತಿ ನಾಲ್ಕೂ ಊರಿನಲ್ಲಿ ತಪ್ಪಿಲ್ಲದೆ ಓಡಿಬಿಟ್ಟಿತು!

ಆ ಜೂನ್‌ನಲ್ಲಿ ನಮ್ಮ ಶಾಲೆಗೂ ಅದರದೇ ಟೈಮ್ ಟೇಬಲ್. ನೋಡಿದರೆ, ವಾರವಿಡೀ ನನಗೆ ಕೊನೇ ಪಿರಿಯಡ್ ಖಾಲಿ. "ಇನ್ನೊಂದು ತಪ್ಪು ಮಾಡ್ತು ನೋಡಿ ಭಾವನ ಡಬ್ಬ!" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಆಡಿಕೊಂಡೆ. ಭಾವನೂ ನಕ್ಕರು. ಆ ವರ್ಷ ಶೀಳನೆರೆಯ ನಮ್ಮ ಮನೆಯಲ್ಲಿ ಅವ್ವ ಲಕ್ವ ಹೊಡೆದು ಮಲಗಿದ್ದಳು. ಸಿಕ್ಕಿದ್ದೇ ಭಾಗ್ಯವೆಂದು ನಾನು ದಿನಾ ಮುಂಚಿನ ಬಸ್ಸು ಹಿಡಿದು ಓಡಿ, ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಅವ್ವ ಹೋದಳು.

ತಿಥಿ ಮುಗಿಸಿ ಶಾಲೆಗೆ ಹೋದ ದಿನ ನಮ್ಮ ಹೆಡ್‌ಮಾಸ್ಟರು ಕರೆದು ಹೇಳಿದರು: "ಅದು ತಪ್ಪಲ್ಲ ಕಣ್ರೀ. ನಿಮ್ಮ ಭಾವನೇ ಬಂದು ಕೇಳ್ಕೊಂಡ್ರು. ನಿಮ್ಮ ಕೊನೇ ಪಿರಿಯಡ್ಡೆಲ್ಲಾ ಅವ್ರೇ ಹಾಕ್ಕೊಂಡವ್ರೆ. ದಿನಾ ಬಸ್ಸು ತಪ್ಪಿ, ಕತ್ತಲಾದ್ಮೇಲೆ ಮನೆ ಸೇರ್‍ತಾವ್ರೆ."

ಸಂಜೆ ಪಾಂಡವಪುರಕ್ಕೆ ಹೋದೆ. ಭಾವ ಕಂಪ್ಯೂಟರಿನ ಮುಂದೆ ಕೂತಿದ್ದರು.

"ಒಂದ್ಮಾತು ಹೇಳಬಾರ್ದಿತ್ತಾ ಭಾವ?"

"ಗೊತ್ತಾಗಿದ್ರೆ ನೀನು ಬ್ಯಾಡ ಅಂತಿದ್ದೆ. ಅತ್ತೆ ನಿನ್ ಕೈಲಲ್ದೆ ಇನ್ಯಾರ ಕೈಲೂ ಕುಡೀತಿರ್ಲಿಲ್ವಲ್ಲ ಕಣ್ಲಾ..."

ಹೇಳಿ, ಪರದೆಯ ಕಡೆ ತಿರುಗಿಕೊಂಡರು.