ಮೂರು ಸಲ ಬಿಚ್ಚಿದ ಗಂಟು

ಎಲ್ವಿನ್ ಟಟಲ್ ತನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಮಾಡಿದ ಒಂದೇ ಒಂದು ಕುತಂತ್ರಕ್ಕೆ ಕಾರಣ ಮಾರ್ಚ್ ತಿಂಗಳ ಕೆಸರು. ಹಿಮ ಕರಗಿ, ವರ್ಮಾಂಟ್ ಬೆಟ್ಟದ ಪೆಲ್ಟನ್ ಊರಿನ ಮಣ್ಣುರಸ್ತೆಗಳೆಲ್ಲ ಗಂಜಿಯಂತಾಗಿದ್ದವು. ಅಂಥ ದಿನವೇ ಊರಸಭೆ.

ಶಾಲೆಯ ಬಜೆಟ್ಟಿಗೆ ಆ ಸಭೆಯಲ್ಲಿ ಊರವರೇ ಓಟು ಹಾಕುತ್ತಾರೆ. ಹೌದು ಎಂದರೆ ಎಲ್ಲರ ಮನೆ, ಜಮೀನಿನ ಮೇಲೆ ತೆರಿಗೆ ಏರುತ್ತದೆ. ಬೇಡ ಎಂದರೆ ಶಾಲೆಯಲ್ಲಿ ಏನಾದರೊಂದು ಮುಚ್ಚುತ್ತದೆ. ಈ ಸಲ ಮುಚ್ಚುವ ಸರದಿ ಅಡುಗೆಮನೆಯದು. ಎಲ್ವಿನ್‌ನ ಹೆಂಡತಿ ಲೊರೇನ್ ಇಪ್ಪತ್ತಮೂರು ವರ್ಷದಿಂದ ಮಕ್ಕಳಿಗೆ ಬೇಯಿಸಿ ಬಡಿಸುತ್ತಿದ್ದ ಅಡುಗೆಮನೆ ಅದು. ಇನ್ನು ಮೇಲೆ ಪಕ್ಕದ ಪಟ್ಟಣದಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಣ್ಣನೆ ಊಟ ತರಿಸುವುದೆಂದು ಮಾತಾಗಿತ್ತು.

ಬೆಳಿಗ್ಗೆ ಲೊರೇನ್ ಸಭೆಗೆಂದು ನಾಲ್ಕು ಸೇಬಿನ ಪೈ ಹೊತ್ತು ಮೊದಲೇ ಹೊರಟಿದ್ದಳು.

"ಯಾವ ಮಗು ಮನೇಲಿ ತಿಂಡಿ ತಿನ್ನದೆ ಬಂದಿದೆ ಅಂತ ಆ ಡಬ್ಬಿಗೆ ಗೊತ್ತಾಗುತ್ತಾ ಎಲ್ವಿನ್?" ಎಂದಾಗ ಅವಳ ಕಣ್ಣು ತುಂಬಿತ್ತು. "ಹನ್ನೊಂದಕ್ಕೆ ಓಟಿನ ಪೆಟ್ಟಿಗೆ ಮುಚ್ತಾರೆ. ದಾರೀಲಿ ಹರಟೆ ಹೊಡೀತಾ ನಿಲ್ಬೇಡ."

ಎಲ್ವಿನ್ ಟ್ರ್ಯಾಕ್ಟರಿನಲ್ಲೇ ಹೊರಟ. ಹತ್ತು ಗಂಟೆಗೆ ತೊರೆಯ ತಿರುವಿಗೆ ಬಂದರೆ, ಅಲ್ಲಿ ಹಾಯ್ಟ್ ಬ್ರೌನೆಲ್‌ನ ಟ್ರಕ್ಕು ಅಚ್ಚಿನವರೆಗೆ ಹೂತು ಕೂತಿದೆ! ಬ್ರೌನೆಲ್ ಎಪ್ಪತ್ತು ದಾಟಿದ ಒಂಟಿ ಮುದುಕ. ಹೊಳೆದಂಡೆಯ ಅವನ ಜಮೀನಿಗೆ ಊರಲ್ಲೇ ಹೆಚ್ಚು ತೆರಿಗೆ. ಹತ್ತು ವರ್ಷದಿಂದ ಪ್ರತಿ ಸಭೆಯಲ್ಲೂ ಎದ್ದು ನಿಂತು "ಬೇಡ!" ಎಂದು ಕೂಗಿದವನು.

"ದೇವರು ಕಳಿಸಿದ ಹಾಗೆ ಬಂದೆ ಕಣೋ! ಬೇಗ ಎಳಿ, ಓಟು ಹಾಕ್ಬೇಕು!" ಎಂದ ಮುದುಕ. ಪಕ್ಕದ ಸೀಟಿನಲ್ಲಿ ಚೌಕಳಿ ಬಟ್ಟೆಯ ಗಂಟೊಂದಿತ್ತು. ಸಭೆಯಲ್ಲಿ ಬೀಸಿ ತೋರಿಸಲು ತೆರಿಗೆ ರಸೀದಿ ಕಟ್ಟಿಕೊಂಡು ಬಂದಿರಬೇಕು ಎಂದುಕೊಂಡ ಎಲ್ವಿನ್.

ಮುದುಕನನ್ನು ಆ ಚಳಿಯಲ್ಲಿ ಬಿಟ್ಟುಹೋಗಲು ಅವನಿಗೆ ಮನಸ್ಸು ಬಾರದು. ಎಳೆದರೆ ಹೆಂಡತಿಯ ಅಡುಗೆಮನೆಗೆ ತಾನೇ ಬೀಗ ಜಡಿದಂತೆ. ಆಗ ಹೊಳೆಯಿತು: ಎಳೆಯೋಣ, ಆದರೆ ಹನ್ನೊಂದರೊಳಗೇ ಎಳೆಯಬೇಕೆಂದು ಎಲ್ಲಿ ಬರೆದಿದೆ? ತನ್ನ ಹೌದೂ ಹೋಗುತ್ತದೆ, ಅವನ ಬೇಡವೂ ಹೋಗುತ್ತದೆ. ಅಲ್ಲಿಗಲ್ಲಿಗೆ ಸರಿಹೋಯಿತು.

ಅವನು ಹಾಕಿದ ಮೊದಲ ಗಂಟು ಟ್ರ್ಯಾಕ್ಟರು ಗುಟುರು ಹಾಕುವ ಮೊದಲೇ ಬಿಚ್ಚಿಕೊಂಡಿತು. "ಛೆ!" ಎಂದು ಜೋರಾಗಿ ಪೇಚಾಡಿದ.

ಅಷ್ಟರಲ್ಲಿ ರಬ್ಬರ್ ಬೂಟಿನಲ್ಲಿ ಪಚಪಚನೆ ನಡೆಯುತ್ತ ಜಿನೀವಾ ಟೀಚರ್ ಬಂದರು. ವಯಸ್ಸು ಎಂಬತ್ತಾದರೂ ಬಾಯಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

"ಇದೆಂಥ ಗಂಟೋ? ನಿಂಗೆ ಶೂ ಲೇಸ್ ಕಟ್ಟೋದು ಹೇಳ್ಕೊಟ್ಟವಳು ನಾನು. ನನ್ನ ಮರ್ಯಾದೆ ತೆಗೀತೀಯಲ್ಲ! ಸರಿ ಆ ಕಡೆ." ಹಗ್ಗ ಕಸಿದು, ಆನೆ ಎಳೆದರೂ ಜಗ್ಗದಂಥ ಗಂಟು ಬಿಗಿದರು.

"ನೀವು ಹೊರಡಿ ಟೀಚರ್, ನಿಮ್ಮ ಓಟು ತಪ್ಪಿಹೋದೀತು," ಎಂದು ಎಲ್ವಿನ್ ಅವರನ್ನು ಸಾಗಹಾಕಿದ. ಆ ಗಂಟನ್ನು ಕದ್ದು ಬಿಚ್ಚುವಷ್ಟರಲ್ಲಿ ಎರಡು ಉಗುರು ಮುರಿದವು.

ಆಮೇಲೆ ದೊಡ್ಡ ಟ್ರಕ್ಕಿನಲ್ಲಿ ಕಾಬ್ ಸಹೋದರರು ಬಂದರು. "ಸರಪಳಿ ಇದೆ. ಎರಡು ನಿಮಿಷದ ಕೆಲಸ!"

"ಬೇಡ ಬೇಡ, ಅಜ್ಜನ ಬಂಪರ್ ಕಿತ್ತುಬರುತ್ತೆ!"

"ಬಂಪರ್ ಹೋದ ವರ್ಷಾನೇ ಕಿತ್ತುಹೋಗಿದೆ ಕಣೋ!" ಎಂದ ಬ್ರೌನೆಲ್.

"ನೋಡಿದ್ರಾ, ಅದಕ್ಕೇ ಹೇಳಿದ್ದು!" ಎಂದು ಎಲ್ವಿನ್ ಅವರನ್ನೂ ಅಟ್ಟಿದ.

ಮೂರನೇ ಗಂಟೂ ಬಿಚ್ಚಿಕೊಂಡಾಗ ಬ್ರೌನೆಲ್ ಕೆಳಗಿಳಿದು, ತನ್ನ ಉಣ್ಣೆಯ ಕೈಗವಸು ಕಳಚಿ ಕೊಟ್ಟ. "ಹಾಕ್ಕೋ. ನಿನ್ನ ಬೆರಳೆಲ್ಲ ನೀಲಿ ಆಗಿದೆ. ನಂಗೋಸ್ಕರ ಎಷ್ಟು ಒದ್ದಾಡ್ತೀಯೋ ಮಾರಾಯ."

ಎಲ್ವಿನ್‌ಗೆ ನಾಚಿಕೆಯಾಯಿತು. ಆದರೆ ಗಡಿಯಾರ ಆಗಲೇ ಹನ್ನೊಂದೂ ಐದು ತೋರಿಸುತ್ತಿತ್ತು. ನಾಲ್ಕನೆಯ ಗಂಟು ಗಟ್ಟಿಯಾಗಿ ನಿಂತಿತು, ಟ್ರಕ್ಕು ಒಂದೇ ಎಳೆತಕ್ಕೆ ಮೇಲೆ ಬಂತು.

ಶಾಲೆಯ ಆಟದ ಹಾಲ್‌ಗೆ ಇಬ್ಬರೂ ಹೊಕ್ಕಾಗ ಎಣಿಕೆ ಮುಗಿದಿತ್ತು. ಹೌದು ಅರವತ್ತನಾಲ್ಕು, ಬೇಡ ಅರವತ್ತನಾಲ್ಕು. ಸಮ ಬಂದರೆ ಬಜೆಟ್ಟು ಬಿದ್ದಂತೆಯೇ. ಲೊರೇನ್ ಪೈಗಳ ಮೇಜಿನ ಹಿಂದೆ ನಿಂತು, ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ನಾವಿಬ್ಬರೂ ಬಂದಿದ್ದರೂ ಸಮವೇ ಆಗುತ್ತಿತ್ತು ಎಂದು ಎಲ್ವಿನ್ ಸಮಾಧಾನ ಮಾಡಿಕೊಂಡ.

ಬ್ರೌನೆಲ್ ಟೋಪಿ ತೆಗೆದು, ಅವಳ ಮುಂದೆ ಚೌಕಳಿ ಬಟ್ಟೆ ಬಿಚ್ಚಿಟ್ಟ. ಒಳಗಿದ್ದದ್ದು ರಸೀದಿಯಲ್ಲ, ಉಜ್ಜಿ ಬೆಳಗಿದ ಲೊರೇನ್‌ಳ ಸೂಪಿನ ಪಾತ್ರೆ.

"ಚಳಿಗಾಲ ಪೂರ್ತಿ ಕಾಲು ಮುರ್ಕೊಂಡು ಬಿದ್ದಿದ್ದಾಗ ಶಾಲೆ ಬಸ್ಸಲ್ಲಿ ಸೂಪು ಕಳಿಸಿದ್ಯಲ್ಲಮ್ಮ. ಆ ಒಲೆ ಆರಬಾರದು ಅಂತ, ಹತ್ತು ವರ್ಷದಲ್ಲಿ ಮೊದಲ್ನೇ ಸಲ ಹೌದು ಅನ್ನೋಕೆ ಹೊರಟಿದ್ದೆ," ಎಂದ.

"ನಿಂಗೆ ಹೇಳಿದ್ರೆ ಬಯ್ತೀಯ ಅಂತ ಮುಚ್ಚಿಟ್ಟಿದ್ದೆ," ಎಂದಳು ಲೊರೇನ್ ಗಂಡನಿಗೆ. ಅವನು ನಿಂತಲ್ಲೇ ಹೂತುಹೋದ.

"ಇವನನ್ನ ಏನೂ ಅನ್ಬೇಡಿ," ಎಂದು ಮುದುಕ ಅವನ ಹೆಗಲ ಮೇಲೆ ಕೈಹಾಕಿದ. "ಗಂಟು ಮೂರು ಸಲ ಬಿಚ್ಕೊಂಡ್ರೂ ಬಿಡ್ಲಿಲ್ಲ. ತನ್ನ ಓಟು ಬಿಟ್ಟ, ನನ್ನನ್ನ ಬಿಡ್ಲಿಲ್ಲ!"

ಕಾಬ್ ಸಹೋದರರು ಹೌದೌದೆಂದರು. ಎಲ್ವಿನ್ ಟಟಲ್‌ಗೆ ಊರಿನ ಕೃತಜ್ಞತೆ ಸಲ್ಲಿಸಲು ಸೂಚನೆ ಬಂತು. ಹೌದಿನವರೂ ಬೇಡದವರೂ ಒಟ್ಟಿಗೇ ಕೈಯೆತ್ತಿದರು. ಲೊರೇನ್ ಅತ್ತೂ ನಕ್ಕೂ ಗಂಡನ ಕೆನ್ನೆಯ ಕೆಸರು ಒರೆಸಿ, ಎಲ್ಲಕ್ಕಿಂತ ದೊಡ್ಡ ಪೈ ತುಂಡನ್ನು ಅವನ ಕೈಗಿಟ್ಟಳು.

ಕೈಯೆತ್ತದೆ ಕೂತವರು ಜಿನೀವಾ ಟೀಚರ್ ಒಬ್ಬರೇ. ಕಾಫಿ ಕಲಕುತ್ತ ಮೆಲ್ಲಗೆ ಹತ್ತಿರ ಬಂದರು.

"ಮೂರು ಸಲವಾ ಎಲ್ವಿನ್? ನಾನು ಬಿಗಿದ ಗಂಟು ಐವತ್ತು ವರ್ಷದಲ್ಲಿ ಒಂದ್ಸಲಾನೂ ಬಿಚ್ಕೊಂಡಿದ್ದಿಲ್ವಲ್ಲ."

ಪೈ ಗಂಟಲಲ್ಲೇ ನಿಂತು ಎಲ್ವಿನ್ ಕೆಮ್ಮತೊಡಗಿದ. ಲೊರೇನ್ ಓಡಿಬಂದು ಅವನ ಬೆನ್ನು ಸವರಿದಳು.

"ನಿಧಾನಕ್ಕೆ ತಿನ್ನು. ಈಗ ಯಾವ ಅವಸರ?"